ಉದ್ಯೋಗಸೃಷ್ಟಿ ಮೀಮಾಂಸೆ ಅಥವಾ ರಸ್ತೆ ದಾಟುವ ಶಾಸ್ತ್ರ

ಮಡಕೆ ಮಾಡುವ ಮುಂಚೆ ಮಣ್ಣಿನಲ್ಲಿ ಮಡಕೆ ಇತ್ತೆ? ಇತ್ತು, ಕಾಣಿಸುತ್ತಿರಲಿಲ್ಲ ಅಷ್ಟೆ ಎಂದರು ಸಾಂಖ್ಯರು, ಇದೇ ಸತ್ಕಾರ್ಯವಾದ. ಇರಲೇ ಇಲ್ಲ, ಹೊಸದಾಗಿ ಹುಟ್ಟಿತು ಎಂದರು ನೈಯಾಯಿಕರು. ಶತಮಾನಗಳ ಈ ವ್ಯಾಜ್ಯ ಅಮೆರಿಕದ ಕಾನ್ಸಾಸ್ ರಾಜ್ಯದ ಸರ್ಕಾರಿ ಕಡತಗಳಲ್ಲಿ ಇತ್ಯರ್ಥವಾಗಿದೆ ಎಂಬುದು ನಮ್ಮ ಪಂಡಿತರಿಗೆ ಇನ್ನೂ ತಿಳಿದಂತಿಲ್ಲ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಕ್ಷೇತ್ರ ಪರಿಚಯ. ಕಾನ್ಸಾಸ್ ಸಿಟಿ ಎಂಬ ದೊಡ್ಡ ಊರು ಇರುವುದು ಕಾನ್ಸಾಸಿನಲ್ಲಲ್ಲ, ಪಕ್ಕದ ಮಿಸೌರಿಯಲ್ಲಿ. (ಕಾನ್ಸಾಸಿನಲ್ಲೂ ಅದೇ ಹೆಸರಿನದೊಂದಿದೆ, ಚಿಕ್ಕದು. ಮಾಯೆಯ ಮೊದಲ ಪಾಠ ವಿದ್ಯಾರ್ಥಿಗೆ ಇಲ್ಲಿಯೇ ಆಗಿಹೋಗುತ್ತದೆ.) ನಡುವೆ ಹಾದುಹೋಗುವುದು ಸ್ಟೇಟ್ ಲೈನ್ ರಸ್ತೆ. ಈ ಪಕ್ಕ ಒಂದು ರಾಜ್ಯ, ಆ ಪಕ್ಕ ಇನ್ನೊಂದು. ಎರಡೂ ಪ್ರತ್ಯೇಕವಾಗಿ ಆದಾಯ ತೆರಿಗೆ ಎತ್ತುತ್ತವೆ. ಎರಡಕ್ಕೂ ಹೊಸ ಉದ್ಯೋಗ ಸೃಷ್ಟಿಸುವ ಹಂಬಲ.

ಮೂಲ ಸೂತ್ರ ಹೀಗಿದೆ: ಆಚೆಯ ಕೆಲಸ ಈಚೆ ಬಂದರೆ ಅದು ಹೊಸ ಕೆಲಸ.

ಭಾಷ್ಯ: ಮೇಜು ಅದೇ, ಕುರ್ಚಿ ಅದೇ, ಕುರ್ಚಿಯ ಮೇಲಿನ ಗುಮಾಸ್ತನೂ ಅವನೇ. ಅವನ ಮನೆಯೂ ಬದಲಾಗಬೇಕಿಲ್ಲ, ಮಧ್ಯಾಹ್ನದ ಡಬ್ಬಿಯೂ ಬದಲಾಗಬೇಕಿಲ್ಲ. ಆದರೂ ಕೆಲಸ ಹೊಸದು. ಅದು ಮೊದಲೇ ಇತ್ತು, ಈಚೆಯ ಕಡತಕ್ಕೆ ಕಾಣಿಸುತ್ತಿರಲಿಲ್ಲ ಅಷ್ಟೆ. ಸತ್ಕಾರ್ಯವಾದಕ್ಕೆ ಇದಕ್ಕಿಂತ ಶುದ್ಧ ನಿದರ್ಶನ ಮಣ್ಣಿನಲ್ಲಂತೂ ಸಿಗದು.

ಈ ಸೃಷ್ಟಿಗೆ ಸಲ್ಲುವ ದಕ್ಷಿಣೆಯನ್ನು ತುಸು ವಿಸ್ತರಿಸಬೇಕು, ಪಾಮರರು ಎಡವುವುದು ಅಲ್ಲೇ. ರಿಯಾಯಿತಿ ಎಂದರೆ ಕಂಪನಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಒಂದಿಷ್ಟು ಉಳಿಸಿಕೊಳ್ಳುವುದು ಎಂದು ಅವರು ತಿಳಿದಿರುತ್ತಾರೆ. ಕಾನ್ಸಾಸಿನವರು 2009ರಲ್ಲಿ ತಂದ ಪೀಕ್ ಯೋಜನೆ ಅಷ್ಟು ಒರಟಲ್ಲ. ನೌಕರನ ಸಂಬಳದಿಂದ ಮುರಿದುಕೊಂಡ ರಾಜ್ಯದ ಆದಾಯ ತೆರಿಗೆ ಬೊಕ್ಕಸಕ್ಕೆ ಹೋಗಬೇಕಷ್ಟೆ? ಪೀಕ್ ಪ್ರಕಾರ ಅದರ ಶೇಕಡ 95 ಭಾಗವನ್ನು ಕಂಪನಿಯೇ ಇಟ್ಟುಕೊಳ್ಳಬಹುದು, 10 ವರ್ಷದವರೆಗೂ. ತೆರಿಗೆ ಕಟ್ಟಿದ ಪುಣ್ಯ ನೌಕರನ ಸಂಬಳದ ಚೀಟಿಯಲ್ಲಿ, ಹಣ ಯಜಮಾನನ ಜೇಬಿನಲ್ಲಿ. ಮಿಸೌರಿಯ ಯೋಜನೆಯೂ ಇದೇ ಕುಲದ್ದು. ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಎಂಬ ನಮ್ಮ ಗಾದೆ ಇಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಗಾದೆಯ ಅಳಿಯ ದಾರಿಹೋಕರಿಗೆ ಕೊಟ್ಟ. ಇಲ್ಲಿನ ಅಳಿಯ, ಅತ್ತೆ ಯಾರ ಮನೆಯಲ್ಲಿ ಕೆಲಸಕ್ಕಿದ್ದಾಳೋ ಅವರಿಗೇ ಕೊಡುತ್ತಾನೆ. ಮಿಕ್ಕ ಶೇಕಡ 5ರಲ್ಲಿ ರಾಜ್ಯ ಶಾಲೆ, ರಸ್ತೆ ನೋಡಿಕೊಳ್ಳಬೇಕು. ಶಾಲೆಯ ಮಾತು ಹೇಗೂ ಇರಲಿ, ರಸ್ತೆ ಅಗತ್ಯ, ದಾಟಬೇಕಲ್ಲ.

ಇದು ಬರಿಯ ಪುಸ್ತಕದ ಬದನೆಕಾಯಿಯಲ್ಲ. 2011ರಲ್ಲಿ ಎಎಂಸಿ ಎಂಬ ಸಿನಿಮಾ ಮಂದಿರಗಳ ಕಂಪನಿ ಮಿಸೌರಿ ಬಿಟ್ಟು ಕಾನ್ಸಾಸಿನ ಲೀವುಡ್‌ಗೆ ಹೊರಡುವುದಾಗಿ ಸಾರಿತು. ಅದೇ ವರ್ಷ ಆಪಲ್‌ಬೀಸ್ ಹೋಟೆಲುಗಳ ಕೇಂದ್ರ ಕಚೇರಿ ಕಾನ್ಸಾಸಿನ ಲೆನೆಕ್ಸಾ ಬಿಟ್ಟು ಮಿಸೌರಿಗೆ ಬಂತು. ಎರಡೂ ರಾಜ್ಯಗಳು ಸೃಷ್ಟಿಸಿದವು. ನಾಶವಾದದ್ದು ಪಕ್ಕದ ರಾಜ್ಯದ ಲೆಕ್ಕದಲ್ಲಿ ಮಾತ್ರ, ಅದನ್ನು ನಾವು ಓದಬೇಕಾಗಿಲ್ಲ. 2015ರಲ್ಲಿ ಆಪಲ್‌ಬೀಸ್ ಕಚೇರಿಯನ್ನು ಕ್ಯಾಲಿಫೋರ್ನಿಯಕ್ಕೇ ಒಯ್ಯುವುದೆಂದು ತೀರ್ಮಾನವಾಯಿತು. ಹೋಗಿ ಬರುವ ಈ ಚಕ್ರದಿಂದ ಬಿಡುಗಡೆ ಹೊಂದುವುದಕ್ಕೆ ಶಾಸ್ತ್ರದಲ್ಲಿ ಮೋಕ್ಷ ಎಂದು ಹೆಸರು.

ಪೂರ್ವಪಕ್ಷದವರೂ ಉಂಟು. ಮಿಷಿಗನ್ನಿನ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ತಿಮೊಥಿ ಬಾರ್ಟಿಕ್ 2018ರಲ್ಲಿ ಹಿಂದಿನ ಅಧ್ಯಯನಗಳನ್ನು ಜಾಲಾಡಿ ಒಂದು ಅಂದಾಜು ಕೊಟ್ಟರು: ರಿಯಾಯಿತಿಯಿಂದಲೇ ಮನಸ್ಸು ಬದಲಿಸಿ ಬಂದ ಕಂಪನಿಗಳು ನೂರಕ್ಕೆ 2ರಿಂದ 25 ಮಾತ್ರ, ಉಳಿದವು ಹೇಗೂ ಬರುತ್ತಿದ್ದವು. ಇದರ ಖಂಡನೆ ಸುಲಭ. ದೀಪಾವಳಿಗೆ ಹೇಗೂ ಬರುವ ಅಳಿಯನಿಗೆ ನಾವು ಪಂಚೆ ಕೊಡುವುದಿಲ್ಲವೆ?

ನಿಜವಾದ ಗಂಡಾಂತರ ಬಂದದ್ದು ಭಕ್ತವೃಂದದಿಂದಲೇ. ಅದೇ 2011ರಲ್ಲಿ ಊರಿನ 17 ಮಂದಿ ಉದ್ಯಮ ಮುಖಂಡರು ಇಬ್ಬರು ಗವರ್ನರುಗಳಿಗೂ ಕಾಗದ ಬರೆದು, ಈ ಮೇಲಾಟ ಸಾಕುಮಾಡಿ ಎಂದರು. ದಕ್ಷಿಣೆ ಪಡೆಯುವ ಪಂಕ್ತಿಯವರೇ ದಕ್ಷಿಣೆ ಬೇಡವೆಂದದ್ದಕ್ಕೆ ಯಾವ ಸ್ಮೃತಿಯಲ್ಲೂ ಆಧಾರವಿಲ್ಲ. ಹಾಲ್ ಫ್ಯಾಮಿಲಿ ಫೌಂಡೇಶನ್ ಎಂಬ ಅಲ್ಲಿನ ದತ್ತಿಸಂಸ್ಥೆ ಲೆಕ್ಕ ಹಾಕಿತು: 30 ಕೋಟಿ ಡಾಲರಿಗೂ ಮಿಕ್ಕ ತೆರಿಗೆ ಬಿಟ್ಟುಕೊಟ್ಟು, 10,000ಕ್ಕೂ ಮಿಕ್ಕ ಕೆಲಸಗಳನ್ನು ಆಚೀಚೆ ಮಾಡಲಾಗಿತ್ತು. ಹೋದದ್ದನ್ನೂ ಬಂದದ್ದನ್ನೂ ಕಳೆದರೆ ಉಳಿಕೆ ಬಲು ಸಣ್ಣದು. ಕೂಡುವುದನ್ನು ಮಾತ್ರ ಬಲ್ಲ ಶಾಸ್ತ್ರಕ್ಕೆ ಕಳೆಯುವ ಲೆಕ್ಕ ತೋರಿಸುವುದು ಸೌಜನ್ಯವಲ್ಲ.

2014ರಲ್ಲಿ ಮಿಸೌರಿ, ನೀನು ಬಿಟ್ಟರೆ ನಾನೂ ಬಿಡುತ್ತೇನೆ ಎಂಬ ಕಾನೂನು ಮಾಡಿತು. ಎರಡು ವರ್ಷದ ಗಡುವಿನೊಳಗೆ ಕಾನ್ಸಾಸ್ ಓಗೊಡಲಿಲ್ಲ, ಕಾನೂನು ಸತ್ತಿತು. ಕೊನೆಗೆ 2019ರ ಆಗಸ್ಟಿನಲ್ಲಿ ಗವರ್ನರುಗಳಾದ ಲಾರಾ ಕೆಲ್ಲಿ, ಮೈಕ್ ಪಾರ್ಸನ್ ಕೂತು ಒಪ್ಪಂದಕ್ಕೆ ಸಹಿ ಮಾಡಿದರು: ಗಡಿಯ ಕೌಂಟಿಗಳಲ್ಲಿ, ಬರಿದೆ ರಸ್ತೆ ದಾಟಿ ಬಂದ ಕೆಲಸಕ್ಕೆ ಇನ್ನು ದಕ್ಷಿಣೆಯಿಲ್ಲ. ನೈಯಾಯಿಕರು ಗೆದ್ದರು.

ಗೆದ್ದರೆಂದು ನಾನು ಹಸ್ತಪ್ರತಿ ಮುಗಿಸುವಷ್ಟರಲ್ಲಿ, 2024ರಲ್ಲಿ, ಕಾನ್ಸಾಸ್ ಹೊಸ ಕಾನೂನು ಹೊರಡಿಸಿತು. ಆಚೆ ಮಿಸೌರಿಯಲ್ಲಿ ಆಡುವ ಫುಟ್‌ಬಾಲ್ ತಂಡವೋ ಬೇಸ್‌ಬಾಲ್ ತಂಡವೋ ಈಚೆ ಬಂದರೆ ಕ್ರೀಡಾಂಗಣದ ಖರ್ಚಿನಲ್ಲಿ ಶೇಕಡ 70ರವರೆಗೆ ಬಾಂಡು ಮಾರಿ ಒದಗಿಸುವುದಾಗಿ ಅದು ಹೇಳಿತು. ಮರುವರ್ಷ ಮಿಸೌರಿ ಶೇಕಡ 50ಕ್ಕೆ ಸವಾಲು ಕೂಗಿತು. ಫುಟ್‌ಬಾಲ್ ತಂಡದ ಹೆಸರು ಕಾನ್ಸಾಸ್ ಸಿಟಿ ಚೀಫ್ಸ್. ಹೆಸರಿನಲ್ಲಿ ಕಾನ್ಸಾಸ್ ಇಟ್ಟುಕೊಂಡು ಮಿಸೌರಿಯಲ್ಲಿ ಆಡುವ ತಂಡ ಕಾನ್ಸಾಸಿಗೆ ಬಂದರೆ ಅದನ್ನು ಸೃಷ್ಟಿ ಎನ್ನಬೇಕೋ, ವಿಳಾಸದ ತಿದ್ದುಪಡಿ ಎನ್ನಬೇಕೋ? ಇದರ ವಿಚಾರ ಎರಡನೆಯ ಸಂಪುಟದಲ್ಲಿ. ಅದರ ಮುದ್ರಣಕ್ಕೆ ಯಾವ ರಾಜ್ಯ ಎಷ್ಟು ಶೇಕಡ ಕೊಡುತ್ತದೆಂದು ವಿಚಾರಿಸುತ್ತಿದ್ದೇನೆ.