ಹಳೇಬೀಡು ಪದ್ಧತಿಯ ಇಂಗ್ಲಿಷ್ ಸಂಭಾಷಣೆ: ಒಂದು ತಜ್ಞ ವರದಿ

ಶಾಲಾ ಮಕ್ಕಳ ಬಾಯಲ್ಲಿ ಇಂಗ್ಲಿಷ್ ಆಡಿಸಬೇಕೆಂದು ಜಪಾನ್ ಸರ್ಕಾರ 1987ರಲ್ಲಿ ಜೆಟ್ ಎಂಬ ಯೋಜನೆ ಹೂಡಿತು. ಮೊದಲ ವರ್ಷವೇ ನಾಲ್ಕು ದೇಶಗಳಿಂದ 848 ಮಂದಿಯನ್ನು ಕರೆಸಿ, ಸಂಬಳ ಕೊಟ್ಟು, ಊರೂರಿಗೆ ಹಂಚಿತು. ಉಸ್ತುವಾರಿಗೆ ಮೂರು ಸಚಿವಾಲಯಗಳು ಬೇಕಾದವು. ಇದು ಸಾಲದೆಂದು, ಊಟ ಹಾಸಿಗೆ ನಮ್ಮದು, ನಮ್ಮೂರ ಹಿರಿಯರ ಜೊತೆ ಕೂತು ನಾಲ್ಕು ಮಾತಾಡಿ ಎಂದು ವಿದೇಶಿಯರನ್ನು ಕರೆಯುವ ಮನೆಗಳೂ ಅಲ್ಲಿನ ಹಳ್ಳಿಗಾಡಿನಲ್ಲಿ ಹುಟ್ಟಿಕೊಂಡವು. ಜಪಾನೀಯರ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಖರ್ಚಿನ ಮಟ್ಟಿಗೆ ಮಾತ್ರ ಅವರು ಹಾಸನ ಜಿಲ್ಲೆಯಿಂದ ಕಲಿಯಬೇಕಾದದ್ದು ಬಹಳವಿದೆ.

ನಮ್ಮ ಪದ್ಧತಿಯಲ್ಲಿ ವಿದೇಶಿ ಸ್ವಯಂಸೇವಕರು ತಮ್ಮ ವಿಮಾನದ ಟಿಕೆಟ್ಟು ತಾವೇ ಕೊಳ್ಳುತ್ತಾರೆ. ತಾವೇ ಹಳೇಬೀಡಿಗೆ ಬಂದು, ತಮ್ಮ ಬೂಟು ತಾವೇ ಬಿಚ್ಚಿಟ್ಟು, ಪಾಠ ಹೇಳಿ, ಊಟಕ್ಕೂ ನಿಲ್ಲದೆ ಹೋಗುತ್ತಾರೆ. ತಾನೊಬ್ಬ ಸ್ವಯಂಸೇವಕ ಎಂಬುದು ಸ್ವಯಂಸೇವಕನಿಗೇ ಗೊತ್ತಿರುವುದಿಲ್ಲ. ಪದ್ಧತಿಯ ಯಶಸ್ಸಿನ ಗುಟ್ಟು ಅದೇ. ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಈ ಶಾಸ್ತ್ರದಲ್ಲಿ ಸದ್ಯಕ್ಕೆ ನನ್ನನ್ನು ಬಿಟ್ಟರೆ ತಜ್ಞರಿಲ್ಲ. ನನ್ನ ಸಿದ್ಧಾಂತವನ್ನು ಈವರೆಗೆ ಯಾರೂ ಅಲ್ಲಗಳೆದಿಲ್ಲವಾದ್ದರಿಂದ ಅದು ಸರಿಯೆಂದೇ ತಿಳಿಯತಕ್ಕದ್ದು.

ಮುಖ್ಯ ಪ್ರಯೋಗಶಾಲೆ ಹೊಯ್ಸಳೇಶ್ವರ ದೇವಸ್ಥಾನದ ಅಂಗಳ. ಕಾಲ, ಡಿಸೆಂಬರ್ ಮತ್ತು ಜನವರಿ, ಅಂದರೆ ಶೈಕ್ಷಣಿಕ ಪ್ರವಾಸದ ಕೆಂಪು ಬಸ್ಸುಗಳು ಸಾಲುಗಟ್ಟುವ ತಿಂಗಳುಗಳು. ಗೋಡೆಯ ಮೇಲೆ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಎಂದು ಪಟ್ಟಿಕೆಗಳು ಸಾಗುತ್ತವೆ. ಹನ್ನೆರಡನೇ ಶತಮಾನದ ಶಿಲ್ಪಿಗಳು ಒಂದಾನೆಯಂತೆ ಇನ್ನೊಂದು ಕಾಣಬಾರದೆಂದು ಕಣ್ಣು ಸವೆಸಿದ ಕೆಲಸ. ಅದಕ್ಕೆ ಬೆನ್ನು ಮಾಡಿ ಒಬ್ಬ ಬಿಳಿಯ ಪ್ರವಾಸಿ, ಅವನ ಸುತ್ತ ಎಂಟನೇ ತರಗತಿ. ವಿದೇಶಿ ಕಲ್ಲು ನೋಡಲು ಬರುತ್ತಾನೆ, ನಮ್ಮವರು ವಿದೇಶಿಯನ್ನು ನೋಡಲು ಬರುತ್ತಾರೆ. ಕಲ್ಲು ಯಾರನ್ನೂ ನೋಡದೆ ಇರುವುದರಿಂದ ವ್ಯವಸ್ಥೆಯಲ್ಲಿ ಘರ್ಷಣೆಯಿಲ್ಲ.

ಸಂಭಾಷಣೆ ಆರಂಭವಾಗುವುದು ಮೇಷ್ಟರ ಆಜ್ಞೆಯಿಂದ. “ಹೋಗ್ಲಾ, ಮಾತಾಡ್ಸ್ಲಾ” ಎಂದು ಅವರು ಒಬ್ಬನನ್ನು ಮುಂದಕ್ಕೆ ತಳ್ಳುತ್ತಾರೆ, ತಾವು ಮಾತ್ರ ಕಂಬದ ಮರೆಗೆ ಸರಿಯುತ್ತಾರೆ. ತಳ್ಳಿಸಿಕೊಂಡವನು ತರಗತಿಗೆ ಮೊದಲಿಗನಲ್ಲ ಎಂಬುದನ್ನು ಗಮನಿಸಬೇಕು. ಮೊದಲಿಗ ಹಿಂದಿನ ಸಾಲಿನಲ್ಲಿ ನಿಂತು, ಕೇಳಬೇಕಾದ ವಾಕ್ಯದಲ್ಲಿ ‘ಡು’ ಬರಬೇಕೋ ‘ಡಸ್’ ಬರಬೇಕೋ ಎಂದು ಮನಸ್ಸಿನಲ್ಲೇ ತೂಗುತ್ತಿರುತ್ತಾನೆ. ಬಸ್ಸು ಹೊರಡುವವರೆಗೂ ತೂಗುತ್ತಾನೆ. ಮುಂದೆ ಬಂದವನಿಗೆ ವ್ಯಾಕರಣದ ಹಂಗಿಲ್ಲ. “ವಾಟ್ ಈಸ್ ಯುವರ್ ನೇಮ್? ವಿಚ್ ಕಂಟ್ರಿ?” ಉತ್ತರ ಬರುವಷ್ಟರಲ್ಲಿ ಪಕ್ಕದವನು ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳುತ್ತಾನೆ, ಅವನ ಹಿಂದಿನವಳೂ ಕೇಳುತ್ತಾಳೆ. ಇಡೀ ತರಗತಿ ಕೇಳಿ ಮುಗಿಸಿದ ಮೇಲೂ ಆತನ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಅಲ್ಪಜ್ಞರು ಇದನ್ನು ಕಂಡು ನಗುತ್ತಾರೆ. ಹಿನ್ನೆಲೆ ಗೊತ್ತಿದ್ದವರು ನಗಲಾರರು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಹತ್ತು ವರ್ಷ ಕಲಿತು ಎಸ್ಸೆಸ್ಸೆಲ್ಸಿಗೆ ಬಂದರೆ, ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಬರೆಯುವ ಕೈಗೆ ಮೀಸಲು. ಬಾಯಿಗೇನಾದರೂ ದಕ್ಕುವುದಿದ್ದರೆ ಉಳಿದ 20 ಆಂತರಿಕ ಅಂಕಗಳ ಒಳಗೇ ದಕ್ಕಬೇಕು. ಹತ್ತೂ ವರ್ಷ ಪ್ರಶ್ನೆ ಕೇಳುವವರು ಮೇಷ್ಟರು ಮತ್ತು ಪರೀಕ್ಷಾ ಮಂಡಳಿ. ಹುಡುಗ ತಾನೇ ಒಂದು ಪ್ರಶ್ನೆ ಕೇಳಿ, ಇನ್ನೊಬ್ಬರು ಉತ್ತರಕ್ಕಾಗಿ ತಡಬಡಿಸುವುದನ್ನು ನೋಡುವ ಭಾಗ್ಯ ಹಳೇಬೀಡಿನಲ್ಲಿ ಮಾತ್ರ. ಉತ್ತರ ಕೇಳಿಸಿಕೊಳ್ಳುವ ಅಭ್ಯಾಸ ಅವನಿಗೆ ಎಲ್ಲಿಂದ ಬರಬೇಕು? ಅವನ ಉತ್ತರವನ್ನೂ ಯಾರೂ ಕೇಳಿಸಿಕೊಂಡಿಲ್ಲ, ತಿದ್ದಿದ್ದಾರೆ ಅಷ್ಟೆ.

ಸ್ವಯಂಸೇವಕರಿಗೆ ಇರಬೇಕಾದ ಅರ್ಹತೆಯ ಬಗ್ಗೆಯೂ ನನ್ನ ಅಧ್ಯಯನ ಸ್ಪಷ್ಟ ತೀರ್ಮಾನಕ್ಕೆ ಬಂದಿದೆ: ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರಬಾರದು. ಫ್ರಾನ್ಸಿನವರೋ ಇಟಲಿಯವರೋ ಆದರೆ ಅವರೂ ಹುಡುಗರೂ ನಿಧಾನಕ್ಕೆ, ಕೈಯಾಡಿಸಿ, ಪರಸ್ಪರ ತಪ್ಪುಗಳನ್ನು ಗೌರವಿಸುತ್ತ ಮಾತಾಡುತ್ತಾರೆ. ಇಂಗ್ಲೆಂಡಿನವರೇ ಬಂದುಬಿಟ್ಟರೆ ಸಂಭಾಷಣೆ ಕೆಟ್ಟಿತು. ಅವರ ಇಂಗ್ಲಿಷ್ ಯಾರಿಗೂ ತಿಳಿಯುವುದಿಲ್ಲ, ಕೊನೆಗೆ ಸೆಲ್ಫಿಯೊಂದಿಗೆ ಮುಗಿಸಬೇಕಾಗುತ್ತದೆ. ಸ್ವಯಂಸೇವಕರು ದಪ್ಪ ಕಾಲುಚೀಲ ತರುವುದೊಳ್ಳೆಯದು. ಮಧ್ಯಾಹ್ನದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರು ‘ಹೌ ಈಸ್ ಇಂಡಿಯಾ’ ಎಂಬ ಪ್ರಶ್ನೆಗೆ ಸಮಾಧಾನದ ಉತ್ತರ ಕೊಟ್ಟದ್ದು ಕಡಿಮೆ.

ಹದಿನಾರು ಕಿಲೋಮೀಟರು ಆಚೆಯ ಬೇಲೂರಿನಲ್ಲಿರುವುದು ಉನ್ನತ ವ್ಯಾಸಂಗ. ಇಲ್ಲಿನ ಗೈಡುಗಳ ಇಂಗ್ಲಿಷ್‌ಗೆ ಅಲ್ಪವಿರಾಮವಿಲ್ಲ. 1117, ವಿಷ್ಣುವರ್ಧನ, 42 ಮದನಿಕೆಯರು, ದರ್ಪಣಸುಂದರಿ, ಒಂದು ಕಾಲದಲ್ಲಿ ತಿರುಗುತ್ತಿತ್ತೆನ್ನುವ ನರಸಿಂಹ ಕಂಬ: ಒಂದೇ ಉಸಿರು. ನಡುವೆ ಯಾರಾದರೂ ಅಡ್ಡ ಪ್ರಶ್ನೆ ಹಾಕಿದರೆ ಮತ್ತೆ 1117ರಿಂದಲೇ ಹೊರಡಬೇಕು. ತಿಳಿದ ಪ್ರವಾಸಿಗಳು ಹಾಕುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಆ ಉಸಿರಿಗೆ ಇನ್ನೊಂದು ವಾಕ್ಯ ಕೂಡಿಕೊಂಡಿದೆ. ಆದರೂ ಒಂದು ಮಾತು ಹೇಳಲೇಬೇಕು: ನಮ್ಮ ಸೀಮೆಯ ಮೂರೂರಿನಲ್ಲಿ ಇಂಗ್ಲಿಷ್‌ನಿಂದ ಅನ್ನ ಹುಟ್ಟಿಸಿಕೊಂಡವರ ಪೈಕಿ ಅದನ್ನು ಊರಲ್ಲೇ ನಿಂತು ಮಾಡಿದವರು ಈ ಗೈಡುಗಳು.

ಇನ್ನು ಅರಸೀಕೆರೆ. ಇಲ್ಲಿ ವಿದೇಶಿಯರ ಕೊರತೆ ಇದೆ. ಊರಿನ ಈಶ್ವರ ದೇವಾಲಯ 1220ರದು, ಅದರ ನಕ್ಷತ್ರಾಕಾರದ ಮಂಟಪ ಯಾವ ಬೇಲೂರಿಗೂ ಸಾಟಿ. ಯುನೆಸ್ಕೊ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ‘ವಿಚ್ ಕಂಟ್ರಿ’ ಎಂದು ಕೇಳಲು ಅಲ್ಲಿ ಯಾರೂ ಸಿಗುವುದಿಲ್ಲ. ಮೊದಲಾದರೆ ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋಗುವವರು ಅರಸೀಕೆರೆ ಜಂಕ್ಷನ್ನಿಗೆ ಮುಖ ತೋರಿಸಿ ಹೋಗುವುದಿತ್ತು. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ನೇರ ಹಳಿ ತೆರೆದು ಆ ಅವಕಾಶವೂ ತಪ್ಪಿತು. ರೈಲ್ವೆ ಇಲಾಖೆ ಈ ಹಾನಿಯನ್ನು ಯಾವ ವರದಿಯಲ್ಲೂ ಲೆಕ್ಕಕ್ಕೆ ಹಿಡಿದಂತಿಲ್ಲ. ಉಳಿದಿರುವುದು ಪ್ಲಾಟ್‌ಫಾರಂ ಮೈಕಿನ ಹೆಣ್ಣುದನಿ. ಅದು ಮೂರು ಭಾಷೆಯಲ್ಲಿ ಗಮನ ಕೊಡಿ ಎನ್ನುತ್ತದೆ, ಮರುಮಾತಿಗೆ ಕಾಯುವುದಿಲ್ಲ. ಹಳೇಬೀಡಿನ ಹುಡುಗರಿಗೆ ಆ ವಿದ್ಯೆ ಅಲ್ಲಿಂದಲೇ ಹೋಗಿರಬಹುದೆಂಬುದು ನನ್ನ ಊಹೆ.

ಹಾಗೆಂದು ಅರಸೀಕೆರೆ ಕೈಕಟ್ಟಿ ಕೂತಿಲ್ಲ. ವಿದೇಶಿಯರನ್ನು ಊರು ತಾನೇ ತಯಾರಿಸಿಕೊಂಡಿದೆ. ತೆಂಗಿನ ತೋಟದ ದುಡ್ಡಿನಲ್ಲಿ ಮಗನನ್ನು ಎಂಜಿನಿಯರಿಂಗ್ ಓದಿಸಿ, ಅವನು ವೈಟ್‌ಫೀಲ್ಡಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಮಾಡಿ, ಅವನಿಗೆ ಹುಟ್ಟಿದ ಮಗು ರಜೆಗೆ ಊರಿಗೆ ಬರುತ್ತದೆ. ಇದು ಅಸಲು ಇಂಗ್ಲಿಷ್ ಮಾತೃಭಾಷಿ. ಜಪಾನಿಗೆ ಕಳಿಸಿದರೆ ಸಂಬಳ ಸಿಗುವಂಥ ಉಚ್ಚಾರ. ಅಜ್ಜಿ ಅಭ್ಯಾಸಕ್ಕೆ ಕೂರುತ್ತಾಳೆ. ಕಮ್. ಸಿಟ್. ಈಟ್, ಈಟ್. ಮಿಲ್ಕ್ ಬೇಕಾ ಪುಟ್ಟ? ಮಗು ‘ನೋ ಥ್ಯಾಂಕ್ಸ್’ ಎನ್ನುತ್ತದೆ, ಅಜ್ಜಿ ಅದನ್ನು ಹೂಂ ಎಂದು ಅರ್ಥ ಮಾಡಿಕೊಂಡು ಲೋಟ ತುಂಬಿಸುತ್ತಾಳೆ. ಮಗ ಪಕ್ಕದಲ್ಲೇ ಇರುತ್ತಾನೆ. ಇಬ್ಬರ ಭಾಷೆಯೂ ಬಲ್ಲ ಏಕೈಕ ವ್ಯಕ್ತಿ ಅವನು; ಲ್ಯಾಪ್‌ಟಾಪಿನಲ್ಲಿ ಮೀಟಿಂಗಿದೆ.

ಇದರಿಂದ ಅಜ್ಜಿಯರ ಇಂಗ್ಲಿಷ್ ಸುಧಾರಿಸುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಬಾ, ಕೂರು, ತಿನ್ನು ಎನ್ನುವಲ್ಲಿ ಅವರೀಗ ಯಾರಿಗೂ ಕಮ್ಮಿಯಿಲ್ಲ. ಆದರೆ ನಾಲ್ಕು ದಿನದ ರಜೆಯಲ್ಲಿ ಪಾಠ ಅಲ್ಲಿಗೇ ನಿಲ್ಲುತ್ತದೆ. ಗಂಡ ತೋಟಕ್ಕೆ ಮೊದಲ ಸಸಿ ಇಟ್ಟದ್ದು, ಬಾವಿ ತೋಡಿಸಿದ್ದು, ಮಗ ಕಾಲೇಜಿಗೆ ಹೊರಟ ದಿನ ಸ್ಟೇಷನ್ನಿಗೆ ಬುತ್ತಿ ಒಯ್ದದ್ದು, ಇವೆಲ್ಲ ಭೂತಕಾಲದ ಕ್ರಿಯಾಪದಗಳು. ಒಂದನ್ನೂ ಇನ್ನೂ ಮುಟ್ಟಿಲ್ಲ. ಆದಕಾರಣ ಮಕ್ಕಳನ್ನು ಊರಿಗೆ ಕರೆತರುವವರಲ್ಲಿ ತಜ್ಞನಾಗಿ ನನ್ನ ಕೋರಿಕೆ: ಈ ಸಲ ಒಂದು ತಿಂಗಳಾದರೂ ಬಿಟ್ಟುಹೋಗಿ. ಇಬ್ಬರಲ್ಲಿ ಯಾರು ಯಾರಿಗೆ ಕಲಿಸುತ್ತಾರೋ ನೋಡೋಣ.