ಬೂದು ಫುಟೇಜಿನ ಬಣ್ಣ ಉಳಿಸೋದು

"ಅದೇನಪ್ಪಾ, ವಿಡಿಯೋ ಇಷ್ಟು ಮಂಕಾಗಿದೆ? ಕ್ಯಾಮೆರಾ ಕೆಟ್ಟಿದೆಯಾ?" ಅಂತ ಕಾಂಪೌಂಡಿನ ಆಚೆಯಿಂದ ಕೇಳಿದರು ಪಕ್ಕದ ಮನೆ ಯಜಮಾನರು. ಪೀಣ್ಯ ಎರಡನೇ ಹಂತದ ಮಷಿನ್ ಶಾಪೊಂದರಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು. ಕಿಟಕಿ ತೆಗೆದಿದ್ದರೆ ನನ್ನ ಮಾನಿಟರ್ ಅವರಿಗೆ ಪೂರ್ತಿ ಕಾಣುತ್ತೆ.

ಕೆಟ್ಟಿಲ್ಲ ಯಜಮಾನ್ರೇ, ಬೇಕಂತಲೇ ಹಾಗೆ ತೆಗೆದಿರೋದು. ಇದಕ್ಕೆ ಲಾಗ್ ಅಂತಾರೆ. ವೈಟ್‌ಫೀಲ್ಡಿನ ಕಂಪನಿ ಫಿಲಂ ಇರಲಿ, ಎಲೆಕ್ಟ್ರಾನಿಕ್ ಸಿಟಿಯ ಈವೆಂಟ್ ಇರಲಿ, ದಾಸರಹಳ್ಳಿ ಛತ್ರದ ಮದುವೆ ಇರಲಿ, ಈಗ ಒಳ್ಳೆ ಕ್ಯಾಮೆರಾದವರು ಬಹಳ ಮಂದಿ ಲಾಗ್‌ನಲ್ಲೇ ತೆಗೀತಾರೆ. ಸೋನಿಯವರದು ಎಸ್-ಲಾಗ್, ಕ್ಯಾನನ್‌ನವರದು ಸಿ-ಲಾಗ್, ಪ್ಯಾನಸೋನಿಕ್‌ನವರದು ವಿ-ಲಾಗ್. 2023ರಲ್ಲಿ ಐಫೋನ್ 15 ಪ್ರೊಗೂ ಆಪಲ್ ಲಾಗ್ ಬಂತು.

ವೈಟ್‌ಫೀಲ್ಡಿನ ಯಾವುದಾದರೂ ಗಾಜಿನ ಕಟ್ಟಡದ ಮೀಟಿಂಗ್ ರೂಮು ನೆನಪು ಮಾಡಿಕೊಳ್ಳಿ. ಮಾತಾಡುವವರು ಕಿಟಕಿಗೆ ಬೆನ್ನು ಹಾಕಿ ಕೂತಿರ್ತಾರೆ, ಹಿಂದೆ ಮಟಮಟ ಮಧ್ಯಾಹ್ನದ ಬಿಸಿಲು. ಮಾಮೂಲಿ ಸೆಟ್ಟಿಂಗಿನಲ್ಲಿ ಮುಖ ಸರಿಮಾಡಿದರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತೆ, ಕಿಟಕಿ ಉಳಿಸಿದರೆ ಮುಖ ಕಪ್ಪಾಗುತ್ತೆ. ಸೆನ್ಸರ್‌ಗೆ ಕಂಡದ್ದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಮಾಮೂಲಿ ಸೆಟ್ಟಿಂಗ್ ಇಟ್ಟುಕೊಳ್ಳುತ್ತೆ, ಅದಕ್ಕೇ ಈ ತೊಂದರೆ. ಸೆನ್ಸರ್ ಎಣಿಸಿದ್ದನ್ನು ಹಾಗೇ ಇಟ್ಟರೂ ಆಗಲ್ಲ, ಅದು ಬೆಳಕನ್ನು ನೇರವಾಗಿ ಎಣಿಸುತ್ತೆ. ಬೆಳಕು ಎರಡರಷ್ಟಾದರೆ, ಅಂದರೆ ಒಂದು ಸ್ಟಾಪ್ ಏರಿದರೆ, ಅಂಕಿಯೂ ಎರಡರಷ್ಟು. ಹಾಗಾಗಿ ಇರುವ ಅಂಕಿಗಳಲ್ಲಿ ಅರ್ಧದಷ್ಟನ್ನು ಅತಿ ಪ್ರಕಾಶದ ಒಂದೇ ಸ್ಟಾಪ್ ತಿಂದುಬಿಡುತ್ತೆ, ನೆರಳಿಗೆ ಉಳಿಯೋದು ಅತ್ಯಲ್ಪ. ಲಾಗ್ ಆ ಹಂಚಿಕೆ ಬದಲಿಸಿ ಪ್ರತಿ ಸ್ಟಾಪ್‌ಗೂ ಹೆಚ್ಚುಕಡಿಮೆ ಸಮಪಾಲು ಕೊಡುತ್ತೆ. ಮುಖವೂ ಉಳಿಯಿತು, ಕಿಟಕಿಯೂ ಉಳಿಯಿತು. ಎರಡೂ ಒಂದೇ ಚಿತ್ರದಲ್ಲಿ ಹಿಡಿಸಬೇಕಾದ್ದರಿಂದ ನೋಡೋಕೆ ಮಂಕು. ಬಣ್ಣ ತುಂಬೋದು ಆಮೇಲಿನ ಗ್ರೇಡಿಂಗ್ ಕೆಲಸ.

"ಅಂದ್ರೆ ಗ್ರೈಂಡಿಂಗಿಗೆ ಮೆಟೀರಿಯಲ್ ಬಿಟ್ಟಂಗೆ," ಅಂದರು ಯಜಮಾನರು. ಲೇತ್‌ನಲ್ಲಿ ರಫಿಂಗ್ ಮಾಡುವಾಗ ಫಿನಿಶ್ ಸೈಜಿಗಿಂತ ಸ್ವಲ್ಪ ದಪ್ಪ ಬಿಡ್ತಾರಲ್ಲ, ಅದೇ. ಆ ಅಲೋಯನ್ಸ್ ಒಮ್ಮೆ ಹೋದರೆ ಜಾಬ್ ಅಂಡರ್‌ಸೈಜ್, ಎಷ್ಟು ಒಳ್ಳೆ ಗ್ರೈಂಡರ್ ಇದ್ದರೂ ಲೋಹ ವಾಪಸ್ ಬರಲ್ಲ. ನಾನು ಎಷ್ಟು ಹೊತ್ತು ವಿವರಿಸಿದ್ದರೂ ಇಷ್ಟು ಚೆನ್ನಾಗಿ ಹೇಳೋಕಾಗ್ತಿರಲಿಲ್ಲ.

ಈಗ ಅಸಲು ಮಾತಿಗೆ ಬರ್ತೀನಿ. ಕೆಲಸ ಮುಗೀತು, ಕ್ಲೈಂಟಿಗೆ ಫೈನಲ್ ಹೋಯ್ತು, ಹಾರ್ಡ್ ಡಿಸ್ಕ್ ತುಂಬಿತು. ಸೋನಿಯ ಎಕ್ಸ್‌ಎವಿಸಿ ಎಸ್-ಐನಲ್ಲಿ 4ಕೆ, 25 ಫ್ರೇಮ್ ತೆಗೆದರೆ ಸೆಕೆಂಡಿಗೆ 250 ಮೆಗಾಬಿಟ್, ಗಂಟೆಗೆ ಸುಮಾರು 112 ಜಿಬಿ. ಅದನ್ನೇ ಪ್ರೋರೆಸ್ 422 ಎಚ್‌ಕ್ಯೂ ಮಾಡಿಟ್ಟರೆ ಗಂಟೆಗೆ 330 ಜಿಬಿ ದಾಟುತ್ತೆ. ಎರಡು ಕ್ಯಾಮೆರಾ, ಎರಡು ದಿನದ ಮದುವೆ ಅಂದರೆ ಲೆಕ್ಕ ನೀವೇ ಹಾಕಿ. ಆಗ ಸಣ್ಣ ಸ್ಟುಡಿಯೋದವರು ಮಾಡೋದೇನು? ಒಂದು ಲಟ್ (ಮಂಕು ಚಿತ್ರಕ್ಕೆ ಬಣ್ಣ ತುಂಬುವ ಸಿದ್ಧ ಕೋಷ್ಟಕ) ಹಾಕಿ, 8 ಬಿಟ್ ಎಚ್.264 ಮಾಡಿ, ಮೂಲ ಅಳಿಸಿಬಿಡ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಎಸ್-ಲಾಗ್3ರ ಅಂಕಿಗಳನ್ನೇ ನೋಡಿ. 10 ಬಿಟ್‌ನಲ್ಲಿ ಒಟ್ಟು 1024 ಹಂತ. ಕಪ್ಪು ಕೂರೋದು 95ರಲ್ಲಿ, 18 ಪರ್ಸೆಂಟ್ ಬೂದು 420ರಲ್ಲಿ, ಬಿಳಿ ಕಾಗದದಷ್ಟು ಬಿಳುಪು 598ರಲ್ಲಿ. ಅದರ ಮೇಲಿನದೆಲ್ಲ ಕಿಟಕಿ ಬಿಸಿಲಿಗೆ, ದೀಪದ ಹೊಳಪಿಗೆ ಮೀಸಲು. ಅಂದರೆ ನಡು ಬೂದಿನಿಂದ ಬಿಳಿಯವರೆಗೆ ಇರೋದು ಬರೀ 178 ಹಂತ. ಲಟ್ ಹಾಕದೆ ಬರೀ 8 ಬಿಟ್‌ಗೆ ಇಳಿಸಿದರೂ ಅದು ಸುಮಾರು 44 ಆಗುತ್ತೆ. ಮಂಕಾಗಿರುವಾಗ ಏನೂ ಗೊತ್ತಾಗಲ್ಲ. ಆಮೇಲೆ ಕಾಂಟ್ರಾಸ್ಟ್ ಹಿಗ್ಗಿಸಿದಾಗ ಸಂಜೆ ಆಕಾಶ ಪಟ್ಟೆ ಪಟ್ಟೆಯಾಗುತ್ತೆ, ಕೆನ್ನೆಯ ಮೇಲಿನ ನಯವಾದ ನೆರಳು ಕಲೆಯಂತೆ ಒಡೆಯುತ್ತೆ. ಬಣ್ಣಕ್ಕೂ ಇದೇ ಪಾಡು. ಲಾಗ್‌ನಲ್ಲಿ ಸೀರೆಯ ಕೆಂಪು ತೀರಾ ತೆಳುವಾಗಿರುತ್ತೆ, ಅದನ್ನು ಎತ್ತಿದಾಗ ಕಂಪ್ರೆಶನ್ ಮಾಡಿದ ತಪ್ಪುಗಳೂ ಜೊತೆಗೇ ಮೇಲೆ ಬರುತ್ತವೆ.

"ಫೈನಲ್ ಇದೆಯಲ್ಲ, ಇನ್ನೇಕೆ ಮೂಲ?" ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು. ಅದನ್ನು ಹೊಸದಾಗಿ ರೆಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಫಿಲಂ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸೆಯವರ ಫಿಲಂ ಫೌಂಡೇಶನ್ ಸೇರಿ ಮಾಡಿಸಿದ ಕೆಲಸ ಅದು. ಸಾಧ್ಯವಾದದ್ದು ಪುಣೆಯ ನ್ಯಾಷನಲ್ ಫಿಲಂ ಆರ್ಕೈವ್‌ನಲ್ಲಿ ಮೂಲ ಕ್ಯಾಮೆರಾ ನೆಗೆಟಿವ್ ಉಳಿದಿದ್ದರಿಂದ. ಥಿಯೇಟರುಗಳಲ್ಲಿ ಓಡಿದ ಪ್ರಿಂಟ್‌ನಲ್ಲಿ ಆ ಕಾಲದ ಲ್ಯಾಬು ಕೊಟ್ಟಷ್ಟೇ ಇರುತ್ತೆ. ನೆಗೆಟಿವ್‌ನಲ್ಲಿ ಪ್ರಿಂಟ್‌ಗಿಂತ ಎಷ್ಟೋ ಹೆಚ್ಚು ನೆರಳು, ಎಷ್ಟೋ ಹೆಚ್ಚು ಬೆಳಕು ಅಡಗಿರುತ್ತೆ. ಡಿಜಿಟಲ್ ಲಾಗ್‌ನ ಮೂಲವೇ ಈ ನೆಗೆಟಿವ್. ಫಿಲಂನ ಸಾಂದ್ರತೆಯನ್ನು ಕಂಪ್ಯೂಟರಿಗೆ ಇಳಿಸೋಕೆ ಕೊಡ್ಯಾಕ್‌ನವರು 1990ರ ದಶಕದ ಮೊದಲಿಗೆ ಸಿನಿಯಾನ್ ಅಂತ 10 ಬಿಟ್ ಲಾಗ್ ಪದ್ಧತಿ ತಂದರು, ಇವತ್ತಿನವು ಅದರ ಸಂತತಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934ರದು, ಅದರ ನೆಗೆಟಿವ್ ಹೋಗಲಿ, ಒಂದು ಪ್ರಿಂಟೂ ಉಳಿದಿಲ್ಲ. ಹಾಗಾಗಿ ಲಾಗ್ ಅಳಿಸಿ ಫೈನಲ್ ಇಟ್ಟುಕೊಳ್ಳೋದು ಅಂದರೆ ನೆಗೆಟಿವ್ ಸುಟ್ಟು ಪ್ರಿಂಟ್ ಇಟ್ಟುಕೊಂಡಂತೆಯೇ ಅಂತ ನಾನು ಹೇಳ್ತೀನಿ. ದೊಡ್ಡ ಸಿನಿಮಾ ಆಗಬೇಕಿಲ್ಲ. ಒಂದು ಮದುವೆ ವಿಡಿಯೋದಲ್ಲಿ ಯಾರದೋ ಮನೆಯ ಅಜ್ಜಿ ಕೊನೆಯ ಸಲ ನಕ್ಕಿರಬಹುದು.

ಜಾಗ ಸಾಲದಿದ್ದರೆ ಕಂಪ್ರೆಸ್ ಮಾಡಬೇಡಿ ಅಂತಲ್ಲ. ಮಾಡುವ ರೀತಿ ಇದೆ. ಲಟ್ ಹಾಕಬಾರದು, ಮಂಕು ಮಂಕಾಗಿಯೇ ಇರಲಿ. ಎಚ್.265ರ 10 ಬಿಟ್ ಬಳಸಿ. ಮೂಲ 4:2:2 ಇದ್ದರೆ 4:2:0ಗೆ ಇಳಿಸಬೇಡಿ, ಬಣ್ಣದ ವಿವರ ಅರ್ಧ ಹೋಗುತ್ತೆ. ನಾಯ್ಸ್ ತೆಗೆಯೋಕೂ ಹೋಗಬೇಡಿ. ಎನ್ಕೋಡರ್‌ಗೆ ಮಂಕು ಚಿತ್ರದಲ್ಲಿ ಎಲ್ಲ ವ್ಯತ್ಯಾಸವೂ ಸಣ್ಣದಾಗಿ ಕಾಣುತ್ತೆ. ಕಣ್ಣಿಗೆ ಬೀಳದ್ದು ಅಂತ ನೆರಳಿನ ಸೂಕ್ಷ್ಮವನ್ನು ಮೊದಲು ಎಸೆಯುತ್ತೆ. ಅದಕ್ಕೇ ಫೈನಲ್ ವಿಡಿಯೋಗೆ ಸಿಆರ್‌ಎಫ್ (ಎನ್ಕೋಡರ್‌ನ ಗುಣಮಟ್ಟದ ಅಂಕಿ, ಇಳಿದಷ್ಟೂ ಒಳ್ಳೆಯದು) 22 ಇಡುವ ಕಡೆ ಲಾಗ್‌ಗೆ ನಾನು 14ರ ಆಸುಪಾಸಿಗೆ ಇಳಿಸ್ತೀನಿ. ಪರೀಕ್ಷೆ ಮಾಡೋದೂ ಮಂಕು ಚಿತ್ರದ ಮೇಲಲ್ಲ. ಮೂಲಕ್ಕೂ ಕಂಪ್ರೆಸ್ ಆದದ್ದಕ್ಕೂ ಒಂದೇ ಲಟ್ ಹಾಕಿ, ಕಾಂಟ್ರಾಸ್ಟ್ ಇನ್ನೂ ಸ್ವಲ್ಪ ಎಳೆದು, ಛತ್ರದ ಕತ್ತಲೆ ಮೂಲೆಯನ್ನೂ ಆಕಾಶವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಲಾಸ್‌ಲೆಸ್ ಬೇಕೆಂದರೆ ಎಫ್‌ಎಫ್‌ವಿ1 ಇದೆ, ಆರ್ಕೈವ್‌ಗಳು ಬಳಸ್ತವೆ. ಆದರೆ ಕ್ಯಾಮೆರಾದಲ್ಲೇ ಕಂಪ್ರೆಸ್ ಆಗಿ ಬಂದ ಫೈಲನ್ನು ಅದಕ್ಕೆ ಹಾಕಿದರೆ ಮೂಲಕ್ಕಿಂತ ದೊಡ್ಡದಾಗುತ್ತೆ. ಅದರ ಬದಲು ಮೂಲವನ್ನೇ ಇಟ್ಟುಕೊಳ್ಳೋದು ಲೇಸು.

ಇನ್ನೊಂದು, ಬಹಳ ಜನ ಗಮನಿಸದ್ದು. ವಿಡಿಯೋ ಫೈಲಿನೊಳಗೆ ಬಣ್ಣದ ಗುರುತು ಬರೆಯುವ ಜಾಗ ಇದೆ, ಟಿವಿಯ 709 ಇದ್ದರೆ ಅದಕ್ಕೊಂದು ಸಂಖ್ಯೆ, ಎಚ್‌ಡಿಆರ್‌ಗೆ ಇನ್ನೊಂದು. ಆ ಪಟ್ಟಿಯಲ್ಲಿ ಎಸ್-ಲಾಗ್3ಗೆ ಸಂಖ್ಯೆಯೇ ಇಲ್ಲ. ಸೋನಿ ಕಾರ್ಡಿನಲ್ಲಿ ಪ್ರತಿ ಕ್ಲಿಪ್ ಪಕ್ಕ ಒಂದು ಪುಟ್ಟ ಎಕ್ಸ್‌ಎಂಎಲ್ ಫೈಲ್ ಇರುತ್ತೆ, ಯಾವ ಗಾಮಾ (ಬೆಳಕಿನ ಹಂಚಿಕೆ), ಯಾವ ಗ್ಯಾಮಟ್ (ಬಣ್ಣಗಳ ವ್ಯಾಪ್ತಿ) ಅನ್ನೋದೆಲ್ಲ ಅದರಲ್ಲಿದೆ. ವಿಡಿಯೋದ ಎಂಪಿ4 ಮಾತ್ರ ಕಾಪಿ ಮಾಡಿಕೊಂಡು ಎಕ್ಸ್‌ಎಂಎಲ್ ಅನ್ನು ಕಾರ್ಡಿನಲ್ಲೇ ಬಿಟ್ಟು ಫಾರ್ಮ್ಯಾಟ್ ಮಾಡ್ತಾರೆ. ಹತ್ತು ವರ್ಷದ ಮೇಲೆ ತೆರೆದವನಿಗೆ ಇದು ಎಸ್-ಲಾಗ್2ಓ 3ಓ, ಫುಲ್ ರೇಂಜೋ ಲಿಮಿಟೆಡ್ಡೋ ಅಂತ ಊಹಿಸೋದೇ ಪಾಡು. ಆ ಎಕ್ಸ್‌ಎಂಎಲ್ ಕೆಲವೇ ಕೆಬಿ. ನಾನು ಅದನ್ನೂ, ಬಳಸಿದ ಲಟ್ ಅನ್ನೂ, ಗ್ರೇಡ್ ಆದ ಒಂದೆರಡು ಸ್ಟಿಲ್ ಅನ್ನೂ ಅದೇ ಫೋಲ್ಡರಿಗೆ ಹಾಕಿ, ಫೋಲ್ಡರ್ ಹೆಸರಲ್ಲೇ ಎಸ್-ಲಾಗ್3 ಅಂತ ಬರೆದಿಡ್ತೀನಿ.

ಎಲ್ಲವನ್ನೂ ಒಂದೇ ತೂಕದಲ್ಲಿ ಇಡಬೇಕಾಗಿಲ್ಲ. ಕಂಪನಿ ವಾರ್ಷಿಕೋತ್ಸವದ ಭಾಷಣಕ್ಕೆ ಎಚ್.265 ಸಾಕು. ಆದರೆ ಹೊಸೂರು ರಸ್ತೆಯಲ್ಲಿ ಮೆಟ್ರೊ ಹಳದಿ ಮಾರ್ಗದ ಕಂಬಗಳು ಏಳುವಾಗ ತೆಗೆದದ್ದಿದ್ದರೆ ಅದರ ಮೂಲ ಮುಟ್ಟಬೇಡಿ. 2025ರ ಆಗಸ್ಟ್ 11ರಿಂದ ಬೊಮ್ಮಸಂದ್ರದವರೆಗೆ ರೈಲು ಓಡ್ತಿದೆ, ಆ ಕಂಬಗಳು ಏಳೋದನ್ನು ಇನ್ನು ಯಾರೂ ಮತ್ತೆ ತೆಗೆಯೋಕಾಗಲ್ಲ. ಪೀಣ್ಯದಲ್ಲೂ ಹಳೇ ಲೇತ್‌ಗಳ ಜಾಗಕ್ಕೆ ಸಿಎನ್‌ಸಿ ಬಂದಾಗಿದೆ.

"ನಮ್ಮ ಶಾಪಲ್ಲಿ ಇನ್ನೂ ಎರಡು ಹಳೇ ಲೇತ್ ಇದಾವೆ, ಓನರ್‌ಗೆ ಹೇಳ್ತೀನಿ, ಬಂದು ತೆಗಿ," ಅಂದರು ಯಜಮಾನರು. ಮುಂದಿನ ವಾರ ಹೋಗ್ತಿದೀವಿ, 10 ಬಿಟ್ ಲಾಗ್‌ನಲ್ಲೇ ತೆಗೀತೀನಿ, ಕಾರ್ಡಿನಲ್ಲಿ ಇರೋದೆಲ್ಲ ಹಾಗೇ ಎರಡು ಡಿಸ್ಕಿಗೆ. ಒಂದು ನನ್ನ ಹತ್ತಿರ ಇರುತ್ತೆ, ಇನ್ನೊಂದು ಅವರ ಮನೆಯ ಬೀರುವಿನಲ್ಲಿ.