ಅರವತ್ತು ಚಿಲ್ಲರೆ ಕುದುರೆಗಳು

ಕೆಡುವ ಕಾರುಗಳಲ್ಲಿ ಎರಡು ಜಾತಿ. ಮನೆಯಂಗಳದಲ್ಲೇ ಮುಷ್ಕರ ಹೂಡಿ, ಬಸ್ಸಿಗೆ ಹೋಗಿ ಎಂದು ಬೆಳಿಗ್ಗೆಯೇ ತಿಳಿಸಿಬಿಡುವುದು ಸಾಧು ಜಾತಿ. ಊರೊಳಗೆಲ್ಲ ವಿನಯದಿಂದ ಓಡಿ, ಹೆದ್ದಾರಿಯಲ್ಲಿ ಎಂಬತ್ತು ದಾಟಿ, ಚಾಲಕನಿಗೆ ಹಾಡು ಗುನುಗುವಷ್ಟು ನೆಮ್ಮದಿ ಬಂದ ಮೇಲೆ ಸದ್ದಿಲ್ಲದೆ ಪ್ರಾಣ ಬಿಡುವುದು ಇನ್ನೊಂದು. ನಮ್ಮದು ಇನ್ನೊಂದು. ಕಂಪನಿಯ ಹೆಸರು ಬೇಡ; ಬೇರೆ ಕಂಪನಿಯ ಕಾರುಗಳೂ ಇದೇ ಕಾಯಿಲೆಯಲ್ಲಿ ರಸ್ತೆ ಬದಿ ನಿಂತಿದ್ದನ್ನು ಕಂಡಿದ್ದೇನೆ.

ತರೀಕೆರೆಯಲ್ಲಿ ಚಿಕ್ಕಮ್ಮನನ್ನು ಹತ್ತಿಸಿಕೊಂಡು ಅಜ್ಜಂಪುರದ ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಹಿಂದೆ 206 ಆಗಿದ್ದು ಈಗ 69 ಎಂದು ಕರೆಸಿಕೊಳ್ಳುವ ಹೆದ್ದಾರಿಯಲ್ಲಿ ಬಾಣಾವರ ದಾಟಿ, ಕಡೂರು ಇನ್ನೇನು ಬಂತು ಅನ್ನುವಾಗ ಇಂಜಿನ್ನು ನಿಂತಿತು. ಸ್ಟೇರಿಂಗು ಬಿಗಿಯಾಯಿತು, ಬ್ರೇಕು ಕಲ್ಲಾಯಿತು. (ಇಂಥ ಹೊತ್ತಿನಲ್ಲಿ ಗಾಬರಿಯಿಂದ ಕೀಲಿ ಕೀಳಬಾರದು, ಸ್ಟೇರಿಂಗೇ ಲಾಕ್ ಆದೀತು. ಬ್ರೇಕಿನಲ್ಲಿ ಒಂದೆರಡು ತುಳಿತಕ್ಕಾಗುವಷ್ಟು ನೆರವು ಉಳಿದಿರುತ್ತದೆ, ಅದನ್ನು ಚಿಲ್ಲರೆ ಚಿಲ್ಲರೆಯಾಗಿ ಖರ್ಚು ಮಾಡಬಾರದು.) ಉರುಳಿಸಿಕೊಂಡು ಹೋಗಿ ಎಳನೀರಿನವನ ಪಕ್ಕ ನಿಲ್ಲಿಸಿದೆ. ಅವನು ಕತ್ತಿ ಕೆಳಗಿಡದೆಯೇ ಹೇಳಿದ: "ಬಿಸಿಲಿಗೆ ತಲೆ ಕೆಟ್ಟೈತೆ ಸಾರ್. ಒಸಿ ಹೊತ್ತು ಬಿಡಿ."

ಪಕ್ಕದಲ್ಲಿದ್ದ ಭಾವನವರಿಗೆ ಇದು ಸಾಲಲಿಲ್ಲ. ಅವರು ಅಂಬಾಸಿಡರ್ ಕಾಲದವರು. ಆಗ ಕಾರ್ಬೊರೇಟರ್ ಇತ್ತು, ಪೆಟ್ರೋಲ್ ಪಂಪು ಇಂಜಿನ್ನಿನ ಮೈಗೇ ಅಂಟಿಕೊಂಡಿತ್ತು. ಬೇಸಿಗೆಯಲ್ಲಿ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ದಾರಿ ಕಟ್ಟುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಆವಿ ಮತ್ತೆ ಪೆಟ್ರೋಲಾಗಿ ಕಾರು ಹೊರಡುತ್ತಿತ್ತು. "ವೇಪರ್ ಲಾಕ್ ಕಣಯ್ಯ" ಎನ್ನುತ್ತ ಭಾವ ಬಾನೆಟ್ ಎತ್ತಿ, ಹೆಗಲ ಮೇಲಿನ ಟವೆಲನ್ನು ಒದ್ದೆ ಮಾಡಿ ಒಂದು ಬಿಸಿ ಡಬ್ಬಿಯ ಮೇಲೆ ಹೊದಿಸಿದರು. ಅದು ಪೆಟ್ರೋಲ್ ಪಂಪಾಗಿರಲಿಲ್ಲ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಹಿಂದೆ ಟ್ಯಾಂಕಿನೊಳಗೇ ಮುಳುಗಿ ಕೂತಿರುತ್ತದೆ. ಆದರೂ ಎಳನೀರು ಕುಡಿದು, ಗಂಜಿ ತಿಂದು ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಯಿತು! ಭಾವ ಟವೆಲು ಹಿಂಡಿಕೊಂಡು ನನ್ನ ಮುಖ ನೋಡಿದರು.

ಈ ಸೀಮೆಯಲ್ಲಿ ವಾಹನ ನಿಲ್ಲುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಜೈಮಿನಿ ಭಾರತದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು. ಅವನ ಕಾವ್ಯವೆಲ್ಲ ಅಶ್ವಮೇಧದ ಕುದುರೆಯ ಹಿಂದೆ ಓಡುತ್ತದೆ. ಒಂದು ಕಡೆ ಆ ಕುದುರೆ ಬಂಡೆಯೊಂದಕ್ಕೆ ಅಂಟಿಕೊಂಡು ಅಲ್ಲಾಡುವುದಿಲ್ಲ. ಅರ್ಜುನನ ಪಡೆ ತಿಣುಕಿದರೂ ಆಗುವುದಿಲ್ಲ. ಆಗ ಸೌಭರಿ ಮುನಿ ಕುದುರೆಯ ಗೊರಸನ್ನು ನೋಡದೆ ಬಂಡೆಯ ಪೂರ್ವಕಥೆ ಹೇಳುತ್ತಾನೆ. ಅದು ಉದ್ದಾಲಕನ ಹೆಂಡತಿ ಚಂಡಿ. ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿ, ಶಾಪ ಹೊತ್ತು ಕಲ್ಲಾದವಳು. (ಚಂಡಿಯ ಕಡೆಯ ಕಥೆಯನ್ನು ಸೌಭರಿ ಕೇಳಿದಂತಿಲ್ಲ.) ಅರ್ಜುನ ಮುಟ್ಟಿದ, ಕುದುರೆ ಬಿಡುಗಡೆಯಾಯಿತು. ನಮ್ಮ ಕಾರಿನಲ್ಲಿ ಅರವತ್ತು ಚಿಲ್ಲರೆ ಕುದುರೆಗಳ ಶಕ್ತಿ ಇದೆಯೆಂದು ಕೈಪಿಡಿಯಲ್ಲಿ ಅಚ್ಚಾಗಿದೆ. ಅಷ್ಟೂ ಒಟ್ಟಿಗೆ ಅಂಟಿಕೊಂಡರೆ ಒಬ್ಬ ಸೌಭರಿ ಸಾಕೇ?

ಕಡೂರಿನ ಗ್ಯಾರೇಜಿನವರು "ಪೆಟ್ರೋಲಲ್ಲಿ ಕಚಡಾ" ಎಂದರು. ಮಾತು ಅಸಂಬದ್ಧವಲ್ಲ. ಫಿಲ್ಟರು ಅರ್ಧ ಕಟ್ಟಿದ್ದರೆ ಊರೊಳಗಿನ ಓಡಾಟಕ್ಕೆ ಸಾಕಾಗುವಷ್ಟು ಪೆಟ್ರೋಲು ಸೋಸಿ ಬರುತ್ತದೆ, ಹೆದ್ದಾರಿಯ ಹಸಿವಿಗೆ ಸಾಲುವುದಿಲ್ಲ. ಬ್ಯಾಟರಿ ವೈರು ಬಿಚ್ಚಿಟ್ಟು ಫಿಲ್ಟರು ಬದಲಿಸಿದರು. ಕಾರು ಚೆನ್ನಾಗಿ ಹೊರಟಿತು, ಬೀರೂರು ದಾಟುವವರೆಗೆ. ತರೀಕೆರೆ ಸೇರುವಷ್ಟರಲ್ಲಿ, ಕೆರೆ ಏರಿಯ ಮೇಲಿನ ಆ ಪ್ರಸಿದ್ಧ ಕರಿ ಕುರಿಮರಿಗಳ ಮಾತನ್ನು ತೊದಲದೆ ಹೇಳಲಾರದಷ್ಟು ನನ್ನ ನಾಲಿಗೆ ಒಣಗಿತ್ತು. ಅಲ್ಲಿಯವರು ಸ್ಕ್ಯಾನರ್ ಸಿಕ್ಕಿಸಿದರು. ತಪ್ಪೇ ತೋರಿಸಲಿಲ್ಲ. ಹೇಗೆ ತೋರಿಸೀತು? ಹಳೆಯ ತಪ್ಪಿನ ನೆನಪು ಬ್ಯಾಟರಿ ಬಿಚ್ಚಿದಾಗಲೇ ಅಳಿಸಿಹೋಗಿತ್ತು; ಬೀರೂರಿನ ತಪ್ಪನ್ನು ಕಾರು ಬರೆದಿಟ್ಟುಕೊಂಡಿರಲಿಲ್ಲ. ಕೊನೆಗೆ ಕಾಯ್ಲ್ ಬದಲಾಯಿತು. ಮತ್ತೆ ಸ್ಟಾರ್ಟ್, ಮತ್ತೆ ಸಂತೋಷ. ಹಿಂದಿನ ಸೀಟಿಗೆ ಬಂದು ಕೂತ ಚಿಕ್ಕಮ್ಮ "ನಂಬಬಹುದೇನೋ?" ಎಂದು ಕಾರನ್ನೋ ನನ್ನನ್ನೋ ತಿಳಿಯದಂತೆ ಕೇಳಿದರು.

ಆಮೇಲೆ ಹೊಳೆದದ್ದು ಇಷ್ಟು: ಬಿಸಿಗೆ ಮಾತ್ರ ಕೆಡುವ ಭಾಗ ತಣಿದರೆ ತಾನಾಗಿ ಸರಿಹೋಗುತ್ತದೆ. ಆದ್ದರಿಂದ ಅರ್ಧ ಗಂಟೆ ಹಿಡಿಯುವ ಯಾವ ಚಿಕಿತ್ಸೆಯೂ ಅದಕ್ಕೆ ರಾಮಬಾಣ. ಟವೆಲು, ಫಿಲ್ಟರು, ಕಾಯ್ಲು ಮೂರೂ ಗೆದ್ದವು. ಯಾರ ಆತ್ಮವಿಶ್ವಾಸಕ್ಕೂ ಕುಂದು ಬರಲಿಲ್ಲ, ನನ್ನ ಜೇಬಿನ ಹೊರತು. ಮೆಕ್ಯಾನಿಕ್ ಎದುರಿಗೆ ಬಂದ ಕೂಡಲೇ ಸರಿಯಾಗಿ ಓಡುವುದು ಚಂಡಿಯ ವಿದ್ಯೆಯೇ.

ಅಜ್ಜಂಪುರದ ದಾರಿ ಅಮೃತ ಮಹಲ್ ತಳಿಯ ಸೀಮೆ. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಇಟ್ಟ ಹೆಸರು ಅದು. ಹೈದರಾಲಿ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಕ್ಕೆ ನೆರವಾದನೆಂದು ಹಳೆಯ ಗೆಜೆಟಿಯರು ಬರೆದಿದೆ. "ಅವಕ್ಕೆ ಪ್ಲಗ್ ಇರ್ಲಿಲ್ಲ ನೋಡು" ಎಂದರು ಭಾವ. ಅವರ ಬಾಯಿ ಮುಚ್ಚುವ ಮೊದಲೇ ಕಾರು ನಿಂತಿತು.

ಅಜ್ಜಂಪುರದಿಂದ ಬೈಕಿನಲ್ಲಿ ಬಂದ ಹುಡುಗ ಬಾನೆಟ್ ಮುಟ್ಟಲೇ ಇಲ್ಲ. "ಜಗ್ಗಿ ಜಗ್ಗಿ ನಿಲ್ತಾ ಸಾರ್, ಸ್ವಿಚ್ ಆಫ್ ಮಾಡ್ದಂಗೆ ನಿಲ್ತಾ?" ಸ್ವಿಚ್ ಆಫ್ ಮಾಡಿದಂತೆ. "ಗೇರಲ್ಲಿ ಉರುಳ್ತಿದ್ದಾಗ ಆರ್‌ಪಿಎಂ ಮುಳ್ಳು ಎಲ್ಲಿತ್ತು?" ಸೊನ್ನೆಯಲ್ಲಿ, ಎಂದರು ಚಿಕ್ಕಮ್ಮ. ಹಿಂದೆ ಕೂತು ಅದೊಂದನ್ನೇ ನೋಡುತ್ತಿದ್ದರಂತೆ. ಹುಡುಗನಿಗೆ ಅಷ್ಟು ಸಾಕಾಯಿತು. ಪೆಟ್ರೋಲು ಸಾಲದಿದ್ದರೆ ಕಾರು ಮುಕ್ಕರಿಸುತ್ತದೆ. ಗೇರಿನಲ್ಲಿರುವವರೆಗೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುವುದರಿಂದ ಮುಳ್ಳು ಮೆಲ್ಲಗೆ ಇಳಿಯುತ್ತದೆ. ಇಂಜಿನ್ನು ತಿರುಗುತ್ತಿದ್ದರೂ ಮುಳ್ಳು ಸೊನ್ನೆಗೆ ಬಿದ್ದಿದೆಯೆಂದರೆ, ತಿರುಗುತ್ತಿದೆ ಎಂದು ಹೇಳಬೇಕಾದ ಕ್ರ್ಯಾಂಕ್ ಸೆನ್ಸರೇ ಕುರುಡಾಗಿದೆ. ಪಿಸ್ಟನ್ ಎಲ್ಲಿದೆಯೆಂದು ತಿಳಿಯದ ಕಂಪ್ಯೂಟರು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಹೆಬ್ಬೆರಳು ಗಾತ್ರದ ಆ ಸೆನ್ಸರಿನೊಳಗಿನ ತಂತಿ ಕಾದಾಗ ಬಿಡುತ್ತದೆ, ಆರಿದಾಗ ಕೂಡುತ್ತದೆ.

ಸಾಕ್ಷಿಗೆಂದು ಚಿಕ್ಕಮ್ಮನ ಬಾಟಲಿ ಇಸಕೊಂಡು, ಕೆಳಗೆ ಬಗ್ಗಿ ಸೆನ್ಸರಿನ ಮೇಲೆ ಮಾತ್ರ ತಣ್ಣೀರು ಸುರಿದ. ಕೀಲಿ ತಿರುಗಿಸುತ್ತಲೇ ಕಾರು ಎದ್ದಿತು. ಈ ಸಲ ಅರ್ಧ ಗಂಟೆಯೂ ಬೇಕಾಗಲಿಲ್ಲ. ಹೊಸ ಸೆನ್ಸರು ಮರುದಿನ ಶಿವಮೊಗ್ಗದಿಂದ ಬರಬೇಕು, ಅಲ್ಲಿಯವರೆಗೆ ನಲವತ್ತು ದಾಟಬೇಡಿ ಎಂದ.

"ನಾನು ಮೊದಲೇ ಹೇಳಲಿಲ್ವಾ, ತಣ್ಣೀರು ಅಂತ?" ಭಾವ ಟವೆಲು ಕೊಡವಿದರು.

"ನೀವು ಹೇಳಿದ್ದು ಸುಳ್ಳಲ್ಲ ಬಿಡಿ ಯಜಮಾನ್ರೇ," ಎಂದ ಹುಡುಗ, "ಬಟ್ಟೆ ಹಾಕಿದ ಜಾಗ ಬೇರೆ, ಕಾಯಿಲೆನೂ ಬೇರೆ, ಅಷ್ಟೇ."

ಭಾವ ಗೃಹಪ್ರವೇಶದ ಪಂಕ್ತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಆ ಮಾತಿನ ಮೊದಲರ್ಧವನ್ನು ಮಾತ್ರ ಬಡಿಸಿದರು.